ಹಾರುವ ಹಕ್ಕಿಯ ಫೋಟೋ: ಎಬ್ಬಿಸಬೇಡಿ, ಕಾಯಿರಿ

ನಮ್ಮದು ಗದಗ ಜಿಲ್ಲೆ ಶಿರಹಟ್ಟಿ ತಾಲೂಕು. ಮಾಗಡಿ ಕೆರೆಯಿಂದ ಎರಡು ಮೈಲಿ ಉತ್ತರಕ್ಕೆ ನನ್ನ ಆರು ಎಕರೆ ಹೊಲ. ಬೋರ್ ಇಲ್ಲ, ಕಾಲುವೆ ಇಲ್ಲ, ಮಳೆ ನಂಬಿದ ಬೇಸಾಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ನಾನು ಓದಿದ್ದು ಏಳನೇ ಇಯತ್ತೆ. ಕ್ಯಾಮೆರಾ ಹಿಡಿದದ್ದು ಐವತ್ತು ದಾಟಿದ ಮೇಲೆ. ಅದೂ ಹವ್ಯಾಸಕ್ಕಲ್ಲ, ಜಗಳಕ್ಕೆ.

ಜಗಳ ಬಾತುಗಳ ಜೊತೆ. ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟಿ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. ಮೈಗೆ ಯಂತ್ರ ಕಟ್ಟಿ ನೋಡಿದ ವಿಜ್ಞಾನಿಗಳು ಇವು 7,000 ಮೀಟರಿಗೂ ಮೇಲೆ ಹಾರಿದ್ದನ್ನು ಬರೆದಿಟ್ಟಿದ್ದಾರೆ. ಹಗಲೆಲ್ಲ ಕೆರೆಯಲ್ಲಿ ಕೂತಿರುತ್ತವೆ. ಹೊತ್ತು ಮುಳುಗುವಾಗ ಹೊಲಗಳಿಗೆ ಇಳಿದು, ಬೆಳಕು ಹರಿದ ಮೇಲೆ ಮತ್ತೆ ಕೆರೆಗೆ ಹೋಗುತ್ತವೆ. ಮಾರ್ಚ್ ಹೊತ್ತಿಗೆ ಊರು ಬಿಡುತ್ತವೆ.

2021ರ ಡಿಸೆಂಬರಿನಲ್ಲಿ ನನ್ನ ಕಡಲೆಗೆ ಬಿದ್ದವು. ಕಡಲೆಯ ಕುಡಿ ನಾವೂ ಚಿವುಟುತ್ತೇವೆ, ಪಲ್ಯಕ್ಕೂ ಆಯಿತು, ಗಿಡ ಕವಲೊಡೆಯಲಿಕ್ಕೂ ಆಯಿತು. ಆದರೆ ಬಾತು ಕುಡಿ ಚಿವುಟುವುದಿಲ್ಲ, ಬುಡಕ್ಕೇ ಬಾಯಿ ಹಾಕುತ್ತದೆ. ನಾನು ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ. "ಸಾವಿರಾರು ಬಾತು ಬಿದ್ದು ಎರಡು ಎಕರೆ ಕಡಲೆ ಪೂರ್ತಿ ಹಾಳಾಗಿದೆ" ಅಂತ ಬರೆದಿದ್ದೆ. ಅಲ್ಲಿದ್ದವರು ಓದಿ, "ಬಾತೇ ತಿಂದದ್ದು ಅನ್ನಲಿಕ್ಕೆ ಗುರುತೇನು? ಫೋಟೋ ಇದ್ದರೆ ತಗೊಂಡು ಬಾ" ಅಂದರು. ಆ ಸಿಟ್ಟಿಗೇ ನಾನು ಕ್ಯಾಮೆರಾ ಕೊಂಡೆ.

ಮೊದಲ ತಪ್ಪು: ಜೂಮ್ ನೋಡಿ ಕೊಂಡದ್ದು

ಅಂಗಡಿಯವನು ತೋರಿಸಿದ್ದು 60 ಪಟ್ಟು ಜೂಮ್ ಇರುವ, ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ. ಗೋಪುರದ ಮೇಲೆ ಕೂತ ಪಾರಿವಾಳ ಕೈಯಲ್ಲಿ ಹಿಡಿದಂತೆ ಕಂಡಿತು. 21,500 ರೂಪಾಯಿ ಎಣಿಸಿ ಕೊಟ್ಟೆ. ಹೊಲಕ್ಕೆ ತಂದು ಹಾರುವ ಬಾತಿಗೆ ಹಿಡಿದರೆ ಬರೀ ಆಕಾಶ. ಜೂಮ್ ಪೂರ್ತಿ ಹೊರಗೆ ಎಳೆದಾಗ ಕಣ್ಣಿಗೆ ಕಾಣುವ ಜಾಗ ಸೂಜಿಯ ತೂತಿನಷ್ಟು. ಅದರೊಳಗೆ ಹಾರುವ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹೋಗಿಯಾಗಿರುತ್ತಿತ್ತು. ಸಿಕ್ಕಾಗಲೂ ಕ್ಯಾಮೆರಾ ಗುರಿ ಹಿಡಿಯಲು ತಡವರಿಸುತ್ತಿತ್ತು. ಒಳಗಿನ ಪುಟ್ಟ ಪರದೆಯಲ್ಲಿ ಚಿತ್ರ ಒಂದು ಗಳಿಗೆ ತಡವಾಗಿ ಕಾಣುತ್ತಿತ್ತು. ಇನ್ನೂ ಒಂದು ಮಾತು ಆಮೇಲೆ ತಿಳಿಯಿತು: ಇಂಥ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಬೆಳಕು ಕಡಿಮೆ ಆದ ಕೂಡಲೇ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು.

ಕೂತ ಹಕ್ಕಿಗೆ ಆ ಕ್ಯಾಮೆರಾ ಸಾಕಿತ್ತು. ಹಾರುವ ಹಕ್ಕಿಗೆ ಅಲ್ಲ. ಮನೆಯಾಕೆ ಒಂದೇ ಮಾತು ಕೇಳಿದಳು: "ಏನ್ರೀ, ಈ ವರ್ಷ ಕಡ್ಲಿ ತಿಂದದ್ದು ಬಾತೋ, ಈ ಡಬ್ಬಿಯೋ?"

ಎಂಟು ತಿಂಗಳಾದ ಮೇಲೆ ಅದನ್ನು ಒಬ್ಬ ಮಾಸ್ತರರಿಗೆ 9,000ಕ್ಕೆ ಕೊಟ್ಟೆ. ಕಳೆದುಕೊಂಡದ್ದು 12,500. ಎರಡು ಕ್ವಿಂಟಲಿಗಿಂತ ಮೇಲಿನ ಕಡಲೆಯ ರೊಕ್ಕ. ಈ ಲೆಕ್ಕ ಬರೆಯಲು ನಾಚಿಕೆ ಇದೆ. ಆದರೆ ನಿಮ್ಮಲ್ಲಿ ಒಬ್ಬರ ರೊಕ್ಕ ಉಳಿದರೂ ಬರೆದದ್ದು ಸಾರ್ಥಕ.

ಎರಡನೇ ಸಲ: ಹಳೆಯದು, ಆದರೆ ಕೆಲಸದ್ದು

ತಮ್ಮನ ಮಗ ಹುಬ್ಬಳ್ಳಿಯಲ್ಲಿ ಮದುವೆ ಫೋಟೋ ತೆಗೆಯುತ್ತಾನೆ. ಅವನು ಹೇಳಿದ: "ದೊಡ್ಡಪ್ಪ, ಈಗ ಸ್ಟುಡಿಯೋದವ್ರೆಲ್ಲಾ ಕನ್ನಡಿ ಇಲ್ಲದ ಹೊಸ ಕ್ಯಾಮೆರಾಕ್ಕ ಹೊಂಟಾರ. ಹಳೇ ಡಿಎಸ್‌ಎಲ್‌ಆರ್ ಸೋವಿಗೆ ಸಿಗ್ತಾವ. ನಿನಗ ಅದ ಸಾಕು."

2022ರ ಅಕ್ಟೋಬರಿನಲ್ಲಿ ಅವನೇ ನೋಡಿ ಕೊಡಿಸಿದ. ಕ್ಯಾನನ್ 7ಡಿ, 2009ರಲ್ಲಿ ಬಂದ ಮಾದರಿ. ಸೆಕೆಂಡಿಗೆ 8 ಫೋಟೋ ಹೊಡೆಯುತ್ತದೆ. ಸೆನ್ಸರ್ ಹೆಚ್ಚು ಕಡಿಮೆ ಅಂಚೆ ಚೀಟಿಯಷ್ಟು. ಬಾಡಿಗೆ 17,000. ಅದಕ್ಕೆ 55-250 ಎಂ.ಎಂ. ಲೆನ್ಸ್, ಅದೂ ಹಳೆಯದು, 7,500. ಕಾರ್ಡು, ಕಾರ್ಡ್ ಓದುವ ಸಾಧನ 1,900. ಒಟ್ಟು 26,400. ಈ ಮಾದರಿಗೆ ಸಿಎಫ್ ಅನ್ನುವ ಅಗಲ ಕಾರ್ಡೇ ಬೇಕು, ಮೊಬೈಲಿನ ಕಾರ್ಡು ಕೂರುವುದಿಲ್ಲ. ಕೊಳ್ಳುವಾಗ ಇದನ್ನು ಮರೆತರೆ ಮತ್ತೆ ಪೇಟೆಗೆ ಓಡಬೇಕು.

ಹಳೆಯದು ಕೊಳ್ಳುವಾಗ ಅವನು ಮೂರು ಪರೀಕ್ಷೆ ಮಾಡಿದ. ಎತ್ತು ಕೊಳ್ಳುವಾಗ ಹಲ್ಲು ನೋಡಿದ ಹಾಗೆ.

ಒಂದು, ಶಟರ್ ಎಷ್ಟು ಸಲ ಬಡಿದಿದೆ ಅನ್ನುವ ಲೆಕ್ಕ. 7ಡಿಯ ಶಟರಿಗೆ ಕಂಪನಿ ಹೇಳುವ ಬಾಳಿಕೆ 1,50,000. ನಮ್ಮದು ಅರವತ್ತು ಸಾವಿರದ ಒಳಗೆ ಇತ್ತು.

ಎರಡು, ಲೆನ್ಸಿನೊಳಗೆ ಬ್ಯಾಟರಿ ಬಿಟ್ಟು ನೋಡುವುದು. ಒಳಗೆ ಜೇಡರ ಬಲೆಯಂತೆ ಕಂಡರೆ ಬೂಷ್ಟು ಹಿಡಿದಿದೆ, ಬಿಟ್ಟುಬಿಡಿ.

ಮೂರು, ಅಂಗಡಿಯ ಹೊರಗೆ ಬಂದು ಓಡುವ ಬೈಕಿಗೆ ಹಿಡಿದು ಹತ್ತು ಫೋಟೋ ಹೊಡೆಯುವುದು. ಆರು ಸ್ಪಷ್ಟ ಬಂದರೆ ಗುರಿ ಹಿಡಿಯುವ ಯಂತ್ರ ಸರಿ ಇದೆ.

ಎಷ್ಟು ಉದ್ದದ ಲೆನ್ಸ್ ಬೇಕು?

250 ಎಂ.ಎಂ. ಹಕ್ಕಿಗೆ ಗಿಡ್ಡವಲ್ಲವೇ ಅಂತ ತಿಳಿದವರು ಕೇಳುತ್ತಾರೆ. ಕೆರೆ ದಂಡೆಯಲ್ಲಿ ನಿಂತು ನಡು ನೀರಿನ ಹಕ್ಕಿ ತೆಗೆಯುವವರಿಗೆ ಗಿಡ್ಡವೇ. ಆದರೆ ಹೆಬ್ಬಾತು ರೆಕ್ಕೆ ಬಿಚ್ಚಿದರೆ ಹೆಚ್ಚು ಕಡಿಮೆ ಒಂದೂವರೆ ಮೀಟರ್. ಅದು ನನ್ನ ಹೊಲದಲ್ಲಿ ನನ್ನ ತಲೆ ಮೇಲೆಯೇ ಹಾಯುತ್ತದೆ. ಪೇಟೆಯವರು ಒಂದು ಲಕ್ಷದ ಲೆನ್ಸಿನಿಂದ ಕೊಳ್ಳುವ ಹತ್ತಿರವನ್ನು ರೈತ ಹೊಲದಲ್ಲಿ ಕೂತೇ ಪಡೆಯುತ್ತಾನೆ. ಅಲ್ಲದೆ ಗಿಡ್ಡ ಲೆನ್ಸಿನಲ್ಲಿ ಹಕ್ಕಿ ಬೇಗ ಸಿಗುತ್ತದೆ. ಇಡೀ ಸಾಲು ಒಂದೇ ಚಿತ್ರದಲ್ಲಿ ಬರುತ್ತದೆ.

ಇನ್ನೂ ಉದ್ದ ಬೇಕು ಅನ್ನುವವರಿಗೆ ಕ್ಯಾನನ್ನಿನ ಹಳೆಯ 400 ಎಂ.ಎಂ. ಎಫ್5.6 ಲೆನ್ಸ್ ಇದೆ. ಕೈ ನಡುಕ ತಡೆಯುವ ಯಂತ್ರ ಅದರಲ್ಲಿಲ್ಲ, ಆದರೆ ಹಾರುವ ಹಕ್ಕಿಗೆ ಶಟರ್ ಜೋರಾಗಿ ಇಡುವುದರಿಂದ ಅದು ಬೇಕಾಗುವುದೂ ಇಲ್ಲ. ತೂಕ ಒಂದೂಕಾಲು ಕಿಲೋ. ತಮ್ಮನ ಮಗ ಒಂದು ವಾರ ತಂದುಕೊಟ್ಟಿದ್ದ, ಒಳ್ಳೆಯ ಲೆನ್ಸ್. 150-600 ಜೂಮ್‌ಗಳು ಹತ್ತಿರ ಹತ್ತಿರ ಎರಡು ಕಿಲೋ ತೂಗುತ್ತವೆ. ಅರ್ಧ ತಾಸು ಎತ್ತಿ ಹಿಡಿದರೆ ನಮ್ಮ ವಯಸ್ಸಿನವರ ರಟ್ಟೆ ಸೋಲುತ್ತದೆ. ಕನ್ನಡಿ ಇಲ್ಲದ ಹೊಸ ಕ್ಯಾಮೆರಾಗಳಲ್ಲಿ, ಉದಾಹರಣೆಗೆ 2022ರಲ್ಲಿ ಬಂದ ಕ್ಯಾನನ್ ಆರ್7ರಲ್ಲಿ, ಯಂತ್ರವೇ ಹಕ್ಕಿಯ ಕಣ್ಣು ಹುಡುಕಿ ಗುರಿ ಹಿಡಿಯುತ್ತದೆ. ಅನುಕೂಲ ನಿಜ. ಆದರೆ ಸಾಲ ಮಾಡಿ ಕೊಳ್ಳುವ ವಸ್ತು ಅದಲ್ಲ.

ಕ್ಯಾಮೆರಾ ಹೊಂದಿಸುವುದು

ಗುಂಡಿಗಳು ಬಹಳ ಇದ್ದರೂ ನಾನು ಬಳಸುವುದು ನಾಲ್ಕು.

ಶಟರ್ ವೇಗ: ಇದೇ ಮುಖ್ಯ. ರೆಕ್ಕೆ ಬಡಿಯದೆ ತೇಲುವ ಹದ್ದಿಗೆ ಸೆಕೆಂಡಿನ 1,000ದಲ್ಲಿ ಒಂದು ಪಾಲು ಸಾಕು. ಹೆಬ್ಬಾತಿಗೆ 1,600ರಲ್ಲಿ ಒಂದು ಪಾಲು. ಕಳ್ಳಿಪೀರದಂಥ ಚಿಕ್ಕ ಹಕ್ಕಿಗೆ 2,500ಕ್ಕಿಂತ ಕಡಿಮೆ ಇಟ್ಟರೆ ರೆಕ್ಕೆ ಕಲಸಿ ಹೋಗುತ್ತದೆ. ಕ್ಯಾನನ್ನಿನಲ್ಲಿ ಚಕ್ರವನ್ನು 'ಟಿವಿ'ಗೆ ತಿರುಗಿಸಿದರೆ ವೇಗ ನಾವು ಇಡಬಹುದು, ಲೆನ್ಸಿನ ಬಾಯಿ ಎಷ್ಟು ತೆರೆಯಬೇಕು ಅನ್ನುವುದನ್ನು ಯಂತ್ರ ನೋಡಿಕೊಳ್ಳುತ್ತದೆ.

ಐಎಸ್‌ಒ: ವೇಗ ಹೆಚ್ಚಿಸಿದಾಗ ಬೆಳಕು ಸಾಲದು. ಅದನ್ನು ತುಂಬುವುದು ಐಎಸ್‌ಒ. ಬಿಸಿಲಿದ್ದರೆ 400, ಬೆಳಗಿನ ಎಳೆಬಿಸಿಲಿಗೆ 800. ಬಹಳ ಏರಿಸಿದರೆ ಮತ್ತೆ ರವೆ ಚೆಲ್ಲುತ್ತದೆ.

ಗುರಿ: ಚಲಿಸುವ ವಸ್ತುವನ್ನು ಬಿಡದೆ ಹಿಡಿಯುವ ಬಗೆ ಒಂದಿದೆ. ಕ್ಯಾನನ್ನಿನಲ್ಲಿ 'ಎಐ ಸರ್ವೊ', ಬೇರೆ ಕಂಪನಿಗಳಲ್ಲಿ 'ಎಎಫ್-ಸಿ'. ಇದನ್ನು ಹಾಕದೆ ಹಾರುವ ಹಕ್ಕಿ ಸಿಗದು. ನಾನು ನಡುವಿನ ಒಂದೇ ಚುಕ್ಕೆ ಬಳಸುತ್ತೇನೆ.

ಬೆಳಕಿನ ತಿದ್ದುಪಡಿ: ಬೆಳ್ಳಗಿನ ಆಕಾಶಕ್ಕೆ ಎದುರಾಗಿ ಹಾರುವ ಹಕ್ಕಿ ಚಿತ್ರದಲ್ಲಿ ಕರ್ರಗೆ ಬರುತ್ತದೆ. ಆಗ ಒಂದು ಮನೆ ಪ್ಲಸ್ ಮಾಡಬೇಕು. ಕರಿ ಎರೆ ಮಣ್ಣಿನ ಮೇಲೆ ಹಾರುವ ಬೆಳ್ಳಕ್ಕಿಗೆ ತಿರುಗಾಮುರುಗಾ. ಅಲ್ಲಿ ಸ್ವಲ್ಪ ಮೈನಸ್ ಮಾಡದಿದ್ದರೆ ಬೆಳ್ಳಕ್ಕಿ ಸುಣ್ಣದ ಉಂಡೆಯಾಗುತ್ತದೆ.

ಕೈ ಕೆಲಸ ಕವಣೆಯದೇ. ಕವಣೆ ಬೀಸುವವನು ಪಾದ ಊರಿ ಸೊಂಟದಿಂದ ತಿರುಗುತ್ತಾನೆ, ಕಲ್ಲು ಬಿಟ್ಟ ಮೇಲೂ ಕೈ ಮುಂದಕ್ಕೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ. ಹಕ್ಕಿ ದೂರ ಇರುವಾಗಲೇ ಹಿಡಿದು, ಅದರ ಜೊತೆ ತಿರುಗುತ್ತ ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ನಿಂತರೆ ಚಿತ್ರ ಅಲುಗುತ್ತದೆ. ಮೊದಲು ಕುಂಟೆಯ ಹಿಂದೆ ಹಾರುವ ಬೆಳ್ಳಕ್ಕಿ, ಮೇಲೆ ಸುತ್ತುವ ಹದ್ದು, ಇವುಗಳ ಮೇಲೆ ಕಲಿಯಿರಿ. ಆಮೇಲೆ ತಂತಿಯ ಮೇಲಿನ ಕಳ್ಳಿಪೀರ. ಅದು ಹುಳ ಹಿಡಿದು ಮತ್ತೆ ಅದೇ ಜಾಗಕ್ಕೆ ಬರುತ್ತದೆ, ಕಾದು ಕೂತರೆ ಸಿಗುತ್ತದೆ. ನಾನು ಎರಡು ತಿಂಗಳು ಬೆಳ್ಳಕ್ಕಿಯ ಮೇಲೆಯೇ ಕೈ ಪಳಗಿಸಿದೆ. ಹಿಂದೆ ಮೂಡಿಗೆರೆಯ ಕಾಫಿ ಬೆಳೆಗಾರ ಪೂರ್ಣಚಂದ್ರ ತೇಜಸ್ವಿಯವರಂಥವರು ರೀಲಿನ ಕಾಲದಲ್ಲಿ ಹಕ್ಕಿ ಫೋಟೋ ತೆಗೆದರು. ಒಂದು ರೀಲಿಗೆ 36 ಫೋಟೋ, ಕೆಟ್ಟರೆ ರೊಕ್ಕ ಹೋಯಿತು. ನಮಗೆ ಕೆಟ್ಟದ್ದನ್ನು ಅಳಿಸಲು ಖರ್ಚಿಲ್ಲ.

ಗಾಳಿ ತಿಳಿದವನಿಗೆ ಅರ್ಧ ಕೆಲಸ ಆದಂತೆ

ಪುಸ್ತಕ ಓದಿದವರಿಗಿಂತ ನಮಗೆ ಬೇಗ ತಿಳಿಯುವ ಸಂಗತಿ ಇದು. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ರಾಶಿ ತೂರುವವನಿಗೆ ಗಾಳಿ ಯಾವ ಕಡೆಯದು ಅಂತ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಚಳಿಗಾಲಕ್ಕೆ ಮೂಡಗಾಳಿ. ಅಂದರೆ ಮುಂಜಾನೆ ಬಾತು ಮೂಡಣಕ್ಕೆ ಮುಖ ಮಾಡಿ ಏಳುತ್ತದೆ, ಸೂರ್ಯನೂ ಅದೇ ಕಡೆ. ಹಕ್ಕಿಯ ಮುಖದ ಮೇಲೆ ಎಳೆಬಿಸಿಲು ಬೀಳುತ್ತದೆ. ನಾವು ಸೂರ್ಯನಿಗೆ ಬೆನ್ನು ಹಾಕಿ ಹೊಲದ ಮೂಡಣ ಬದುವಿನಲ್ಲಿ ಕೂತರೆ ಸರಿ. ಸಂಜೆಗೆ ಇದು ಉಲ್ಟಾ: ಗಾಳಿ ಮೂಡಣದ್ದೇ, ಬೆಳಕು ಪಡುವಣದ್ದು. ಆಗ ಬಾಲಕ್ಕೆ ಬಿಸಿಲು, ಮುಖಕ್ಕೆ ನೆರಳು.

ನಾನು ಮೂಡಣ ಬದುವಿನ ಹಳೇ ಕಣಿಕಿ ಬಣವೆಯ ಪಕ್ಕ, ಇನ್ನೂ ಕತ್ತಲಿರುವಾಗಲೇ ಹೋಗಿ ಕಂಬಳಿ ಹೊದ್ದು ಕೂರುತ್ತೇನೆ. ಬಿಳಿ ಅಂಗಿ ಬೇಡ. ಬಾತುಗಳ ಹಿಂಡಿನಲ್ಲಿ ಯಾವಾಗಲೂ ಒಂದೆರಡು ಕತ್ತು ಎತ್ತಿ ಕಾವಲು ನಿಂತಿರುತ್ತವೆ. ಕೂತವನು ಅಲುಗದಿದ್ದರೆ ಸ್ವಲ್ಪ ಹೊತ್ತಿಗೆ ಬಣವೆಯ ಒಂದು ಭಾಗ ಅಂದುಕೊಳ್ಳುತ್ತವೆ. ಬೆಳಕು ಹರಿದ ಮೇಲೆ ತಾವಾಗಿಯೇ ಕೂಗುತ್ತ ಏಳುತ್ತವೆ. ನನ್ನ ಕಡೆಗೇ ಬಂದು, ಎಡಕ್ಕೆ ಹೊರಳಿ, ಸಾಲು ಕಟ್ಟಿಕೊಂಡು ಕೆರೆಯ ಕಡೆ ಹೋಗುತ್ತವೆ. ನನಗೆ ಸಿಗುವುದು ಅರ್ಧ ನಿಮಿಷ. ಆ ಅರ್ಧ ನಿಮಿಷಕ್ಕೆ ಎರಡು ತಾಸು ಕಾಯಬೇಕು.

ಐನೂರು ರೂಪಾಯಿಯ ತಪ್ಪು

ಈಗ ಹೇಳಲೇಬೇಕಾದ ಮಾತು. 2023ರ ಜನವರಿಯಲ್ಲಿ ಕೆರೆಗೆ ನಾಲ್ವರು ದೊಡ್ಡ ದೊಡ್ಡ ಲೆನ್ಸಿನವರು ಬಂದಿದ್ದರು. ಮಟಮಟ ಮಧ್ಯಾಹ್ನ, ಬಾತುಗಳು ಕತ್ತು ಹಿಂದಕ್ಕೆ ಮಡಚಿ ಕೂತಿದ್ದವು. ಅವರಲ್ಲಿ ಒಬ್ಬರು, "ಯಜಮಾನ್ರೇ, ಒಂದು ಪಟಾಕಿ ಹಾರಿಸ್ತೀರಾ? ಎಲ್ಲಾ ಒಟ್ಟಿಗೇ ಎದ್ದರೆ ಫೋಟೋ ಚೆನ್ನಾಗಿ ಬರುತ್ತೆ" ಅಂದು 500ರ ನೋಟು ಕೈಗಿಟ್ಟರು. ಹೊಲ ಕಾಯಲು ಇಟ್ಟಿದ್ದ ಪಟಾಕಿ ನನ್ನ ಚೀಲದಲ್ಲಿತ್ತು. ನಾನೂ ಕ್ಯಾಮೆರಾ ತೆಗೆದುಕೊಂಡು ಬಂದಿದ್ದೆ. ಹಚ್ಚಿದೆ.

ಕೆರೆಗೆ ಕೆರೆಯೇ ಎದ್ದಂತಾಯಿತು. ಬಾತಷ್ಟೇ ಅಲ್ಲ, ಸಣ್ಣ ಬಾತು, ಕೊಕ್ಕರೆ ಎಲ್ಲವೂ. ನಲವತ್ತು ಫೋಟೋ ಹೊಡೆದೆ. ಒಂದು ತಾಸಿನ ಮೇಲೂ ಅವು ಇಳಿಯಲೊಲ್ಲದೆ ಸುತ್ತುತ್ತಿದ್ದವು. ರಾತ್ರಿ ಫೋಟೋ ನೋಡಿದ ತಮ್ಮನ ಮಗ, "ದೊಡ್ಡಪ್ಪ, ಎಲ್ಲಾ ಬಾಲದ ಫೋಟೋನ ಅದಾವಲ್ಲ" ಅಂದ. ನಿಜವೇ. ಹೆದರಿ ಎದ್ದ ಹಕ್ಕಿ ನಮಗೆ ಬೆನ್ನು ತೋರಿಸಿ ಓಡುತ್ತದೆ. ಸಾಲಿಲ್ಲ, ಚೆಂದವಿಲ್ಲ, ಒಂದರ ಮೇಲೊಂದು ಗೊಂದಲ.

ಮನೆಯಾಕೆಯ ಮಾತು ಇನ್ನೂ ಚುಚ್ಚಿತು. "ಹೊಲಕ್ಕ ಬಂದಾಗ ಓಡಸ್ರಿ, ಅದು ನಮ್ಮ ಹೊಟ್ಟಿಪಾಡು. ಅವು ತಮ್ಮ ಜಾಗದಾಗ ಕುಂತಾಗ ಯಾಕ ಎಬ್ಬಿಸಿದ್ರಿ? ಮೆಲುಕು ಹಾಕೋ ಎತ್ತಿಗೆ ಬಾರಕೋಲು ಹಾಕ್ತೀರೇನು?"

ಆ ಸಂಜೆ ಬಾತುಗಳು ಇನ್ನೂ ಬೆಳಕಿರುವಾಗಲೇ ನನ್ನ ಕಡಲೆಗೆ ಇಳಿದವು. ಪಟಾಕಿಯ ಕಾರಣಕ್ಕೋ ಬೇರೆಯದಕ್ಕೋ, ಹೇಳಲಾರೆ. ಆದರೆ ಹಿಮಾಲಯ ದಾಟಿ ಬಂದು, ಮತ್ತೆ ದಾಟಿ ಹೋಗಬೇಕಾದ ಹಕ್ಕಿ ಹಗಲಿಗೆ ಸುಮ್ಮನೆ ರೆಕ್ಕೆ ಬಡಿದು ಕಳೆದುಕೊಂಡ ಕಸುವನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕು. ತುಂಬಿಕೊಳ್ಳುವುದು ನಮ್ಮ ಹೊಲದಿಂದಲೇ. ಆ 500 ರೂಪಾಯಿ ನನ್ನ ಲೆಕ್ಕದ ಪುಸ್ತಕದಲ್ಲಿ ಇಂದಿಗೂ ಬೇರೆ ಸಾಲಿನಲ್ಲಿದೆ. ಆದಾಯದ ಸಾಲಿಗೆ ಸೇರಿಸಲು ಕೈ ಬರಲಿಲ್ಲ.

ಫೋಟೋ ಹೇಳಿದ ಲೆಕ್ಕ

ಕಚೇರಿಗೆ ತೋರಿಸಲು ತೆಗೆದ ಫೋಟೋಗಳು ಮೊದಲು ನನ್ನನ್ನೇ ತಿದ್ದಿದವು. ಸಂಜೆ ಬಾತು ಇಳಿಯುವಾಗ ಬೆಳಕು ಕಡಿಮೆ. ಐಎಸ್‌ಒ 3200, ಶಟರ್ 500ರಲ್ಲಿ ಒಂದು ಪಾಲು ಇಟ್ಟು ಹೊಡೆದರೆ ಕೆಂಪು ಆಕಾಶದ ಮೇಲೆ ಕರಿ ನೆರಳು ಬರುತ್ತದೆ. ಚೆಂದಕ್ಕಲ್ಲ, ಎಣಿಸಲು ಸಾಕು. ಕಾಗದದ ಮೇಲೆ ಅಚ್ಚು ಹಾಕಿಸಿ, ಹತ್ತಕ್ಕೊಂದು ಗೆರೆ ಎಳೆದು ಪೆನ್ನಿನಿಂದ ಎಣಿಸಿದೆ. ಮೊದಲ ದಿನ 186. ಒಂಬತ್ತು ಸಂಜೆ ಎಣಿಸಿದರೂ 240 ದಾಟಲಿಲ್ಲ. ನಾನು ಅರ್ಜಿಯಲ್ಲಿ ಬರೆದದ್ದು ಸಾವಿರಾರು! ಹಗ್ಗ ಹಿಡಿದು ಅಳೆದಾಗ ಮುಕ್ಕಿದ ಜಾಗ 14 ಗುಂಟೆ. ಬರೆದದ್ದು ಎರಡು ಎಕರೆ.

ಇನ್ನೊಂದು ಸಂಗತಿಯೂ ಫೋಟೋದಿಂದಲೇ ತಿಳಿಯಿತು. ಎಲ್ಲ ಸಂಜೆಯೂ ಅವು ಪಡುವಣದ ಬೀಳು ಹೊಲದ ಮೇಲೆ ತಗ್ಗಿಗೆ ಬಂದು, ಮೂಡಗಾಳಿಗೆ ಎದುರಾಗಿ ನನ್ನ ಹೊಲದ ಪಡುವಣ ಮೂಲೆಗೇ ಇಳಿಯುತ್ತಿದ್ದವು. ಇಳಿಯಲು ಅವಕ್ಕೆ ಬಯಲು ಬೇಕು, ಸುತ್ತ ಕಣ್ಣು ಹಾಯಬೇಕು. ನಮ್ಮ ಹಿರಿಯರು ದನದ ಕಾಟಕ್ಕೆ ಹೊಲದ ಸುತ್ತ ಮುಳ್ಳಿನ ಕುಸುಬೆ ಸಾಲು ಬಿತ್ತುತ್ತಿದ್ದರು. ನಾನು ಆ ಮೂಲೆಯ ಅಂಚಿಗೆ ಆರು ಸಾಲು ಕುಸುಬೆ ಬಿತ್ತಿ, ಒಳಗೆ ಕಡಲೆಯ ನಡುವೆಯೂ ಅಕ್ಕಡಿ ಹಿಡಿದೆ. 2023 ಬರಗಾಲ, ಕಡಲೆಯೇ ಸರಿಯಾಗಿ ಏಳಲಿಲ್ಲ, ಆ ವರ್ಷದ ಲೆಕ್ಕ ಹಿಡಿಯಬಾರದು. 2024ರ ಹಿಂಗಾರಿಯಲ್ಲಿ ಮುಕ್ಕಿದ್ದು ಐದು ಗುಂಟೆಯೊಳಗೆ. ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಜೊತೆಗೆ ಮನೆಗೆ ಕುಸುಬೆ ಎಣ್ಣೆಯೂ ಆಯಿತು. ಬೇರೆಯವರೂ ಮಾಡಿ ನೋಡಿ ಹೇಳಬೇಕು.

ಅರ್ಜಿಯನ್ನು ಹರಿದು ಹೊಸದಾಗಿ ಬರೆದೆ. 14 ಗುಂಟೆ, ಇಷ್ಟು ಬಾತು, ಇಂಥ ದಿನಗಳು, ಜೊತೆಗೆ ಫೋಟೋ. ಉತ್ತರ ಇನ್ನೂ ಬಂದಿಲ್ಲ. ಆದರೆ ಈಗ ಅದರಲ್ಲಿರುವ ಒಂದೊಂದು ಅಂಕಿಗೂ ನಾನು ಎದೆ ಮುಟ್ಟಿ ಹೇಳಬಲ್ಲೆ.

ಫೋಟೋದಿಂದ ಇನ್ನೊಂದು ಉಪಯೋಗವಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿದ್ದುಂಟು. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಲು ಬರುವಂಥ ಫೋಟೋ ಸಿಕ್ಕರೆ ಆ ಹಕ್ಕಿ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ನನಗಿನ್ನೂ ಸಿಕ್ಕಿಲ್ಲ, ಪ್ರತಿ ಫೋಟೋದಲ್ಲೂ ಕೊರಳು ನೋಡುವ ರೂಢಿಯಾಗಿದೆ.

ಕೊನೆಗೆ

2024ರ ಜನವರಿ ಕೊನೆಗೆ ನಮ್ಮ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಮಳೆ ನೀರು ಹಿಡಿದು ಬೇಸಾಯಕ್ಕೆ ಬಳಸಲು ಹಿರಿಯರು ಕಟ್ಟಿದ ಕೆರೆ ಅದು. ಈಗ ನೋಡುವವರು ಹೆಚ್ಚು ಬರುತ್ತಾರೆ, ಕ್ಯಾಮೆರಾದವರೂ ಬರುತ್ತಾರೆ. ಈಗಲೂ ಕೆಲವರು ನನ್ನನ್ನು ಕಂಡು, "ಸ್ವಲ್ಪ ಎಬ್ಬಿಸ್ತೀರಾ?" ಅನ್ನುತ್ತಾರೆ. ನಾನು ಹೇಳುವುದು ಒಂದೇ: "ನಾಳೆ ನಸುಕಿಗೆ ನಮ್ಮ ಬಣವೆ ಹತ್ತಿರ ಬರ್ರಿ. ಕಂಬಳಿ ನಾ ಕೊಡ್ತೀನಿ. ಅವು ತಾವೇ ಏಳ್ತಾವ." ಹತ್ತು ಮಂದಿಯಲ್ಲಿ ಇಬ್ಬರು ಬರುತ್ತಾರೆ. ಬಂದ ಇಬ್ಬರಿಗೂ ಮುಖದ ಫೋಟೋ ಸಿಕ್ಕಿದೆ.

ಕೆರೆ ಬದಿಯ ಹೊಲದವರು ಯಾರಾದರೂ ಕುಸುಬೆ ಸಾಲು ಹಾಕಿ ನೋಡಿದ್ದರೆ, ಅಥವಾ ಬಾತಿಗೆ ಬೇರೆ ಉಪಾಯ ಕಂಡುಕೊಂಡಿದ್ದರೆ, ಪತ್ರಿಕೆಗೆ ಬರೆಯಿರಿ. ಈ ಸಲದ ಕಡಲೆ ಬಿತ್ತುವುದಕ್ಕೆ ಮುಂಚೆ ಓದಲು ಸಿಕ್ಕರೆ ಉಪಕಾರವಾದೀತು.